ಊಟದ ನೇಮ

ಗಂಡಿಗೆ ಚಟ ಇರಬಾರದು, ಹೆಣ್ಣಿಗೆ ಹಟ ಇರಬಾರದು ಅನ್ನುತ್ತಾರೆ. ಮೂಡಲಗಿಯ ಗೊಬ್ಬರದಂಗಡಿ ಶಾಂತಿನಾಥರ ಮನೆಯಲ್ಲಿ ಎರಡೂ ಇದ್ದವು. ಚಟದ ಸುದ್ದಿ ಊರಿಗೆ ಗೊತ್ತಿರಲಿಲ್ಲ, ಹಟದ್ದು ಗೊತ್ತಿತ್ತು. ಶಾಂತಿನಾಥರ ಹೆಂಡತಿ ರಾಜಮತಿ ಒಮ್ಮೆ ಜೈನರ ದಶಲಕ್ಷಣ ಪರ್ವದ ಹತ್ತೂ ದಿನ ಬರೀ ಬಿಸಿನೀರಿನ ಮೇಲೆ ಉಪವಾಸವಿದ್ದು, ಮರುದಿನ ಬೆಳಿಗ್ಗೆ ತಾನೇ ಒಲೆ ಹೊತ್ತಿಸಿ ಬಂದವರಿಗೆಲ್ಲ ಹೋಳಿಗೆ ಬಡಿಸಿದ್ದನ್ನು ಬಸದಿ ಓಣಿಯವರು ಇನ್ನೂ ಹೇಳುತ್ತಿದ್ದರು.

ಅಂಥ ರಾಜಮತಿ 2004ರ ಬೇಸಿಗೆಯಿಂದ ಒಲೆಯ ಮುಂದೆ ಕೂತದ್ದೇ ಕಡಿಮೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ರಕ್ತ ನಿಲ್ಲದೆ ಹೋಗತೊಡಗಿತ್ತು. ಆ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂಡುವ ರೂಢಿ. ಅಡುಗೆಮನೆ, ದೇವರ ಜಗಲಿ, ಸೋಸಿಟ್ಟ ನೀರಿನ ಕೊಡ, ಯಾವುದನ್ನೂ ಮುಟ್ಟುವಂತಿಲ್ಲ. ಬಸದಿಯಂತೂ ದೂರವೇ ಉಳಿಯಿತು. ಮೊದಲು ನಾಲ್ಕು ದಿನ ಇದ್ದದ್ದು ವಾರವಾಯಿತು, ವಾರ ಹದಿನೈದು ದಿನವಾಯಿತು. ಕೊನೆಗೆ ಪಡಸಾಲೆ ಮೂಲೆಯ ಚಾಪೆಯೇ ಆಕೆಯ ಠಿಕಾಣಿಯಾಯಿತು. ಅಲ್ಲಿಂದಲೇ ಸೊಸೆಗೆ ಕೂಗಿ ಹೇಳುತ್ತಿದ್ದಳು.

"ರೂಪಾಲಿ, ಒಗ್ಗರಣಿ ಹೊತ್ತಾಕತ್ತೈತಿ ನೋಡವಾ."

"ನಿಮಗ ಅಲ್ಲಿಂದ ಹೆಂಗ ಗೊತ್ತಾತ್ರಿ ಅತ್ತಿ?"

"ನಾ ಹೊರಗ ಕುಂತೇನಿ. ನನ್ನ ಮೂಗು ಒಳಗ ಐತಿ."

ಹಿಂದಿನ ಜನ್ಮದ ಕರ್ಮ ಹೀಗೆ ಹರಿದು ಹೋಗುತ್ತಿದೆ ಎಂದು ಆಕೆ ನಂಬಿದ್ದಳು. ಕರ್ಮ ಬೇಗ ಕಳೆಯಲಿ ಎಂದು ಅಷ್ಟಮಿ, ಚತುರ್ದಶಿ ತಪ್ಪದೆ ಉಪವಾಸವನ್ನೂ ಮಾಡುತ್ತಿದ್ದಳು. ಮೈಯಲ್ಲಿದ್ದ ರಕ್ತ ಒಂದು ಕಡೆಯಿಂದ ಹೋಗುತ್ತಿತ್ತು, ಹೊಸದು ಹುಟ್ಟಲು ಹೊಟ್ಟೆಗೆ ಏನೂ ಇರುತ್ತಿರಲಿಲ್ಲ. ದೀಪಾವಳಿ ಮುಗಿದ ವಾರ ಬಚ್ಚಲಿನ ಹತ್ತಿರ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಮಗ ಸನ್ಮತಿ ಅಂಗಡಿ ಮುಚ್ಚಿ, ಅಪ್ಪನನ್ನೂ ಕರೆದುಕೊಂಡು, ತಾಯಿಯನ್ನು ಗೋಕಾಕದ ಒಂದು ನರ್ಸಿಂಗ್ ಹೋಮಿಗೆ ಒಯ್ದ. ಗರ್ಭಚೀಲದಲ್ಲಿ ಗಡ್ಡೆ ಇದೆ, ತೆಗೆಯಬೇಕು ಎಂದರು. ಆಪರೇಶನ್ನಿಗೆ ಮೊದಲು ರಕ್ತ ತೆಗೆದುಕೊಂಡರು.

ಮಧ್ಯಾಹ್ನ ಡಾಕ್ಟರು ಗಂಡನನ್ನೂ ಮಗನನ್ನೂ ಮಾತ್ರ ಒಳಗೆ ಕರೆದರು. ರಾಜಮತಿ ಬೆಂಚಿನ ಮೇಲೆ ಕೂತು ಮುಚ್ಚಿದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಅದನ್ನು ತಳ್ಳಿದಳು.

"ಅಮ್ಮಾರ, ನೀವು ಹೊರಗ ಕುಂದರ್ರಿ," ಎಂದರು ಡಾಕ್ಟರು.

"ಮನಿಯಾಗೂ ಹೊರಗ, ಇಲ್ಲೂ ಹೊರಗ ಅಂದ್ರ ಹೆಂಗ್ರಿ. ಬ್ಯಾನಿ ನಂದು. ಸುದ್ದಿ ನನಗ ಹೇಳ್ರಿ."

ಸನ್ಮತಿಯ ಕಣ್ಣು ತುಂಬಿದ್ದವು. ಡಾಕ್ಟರು ರಕ್ತದ ಚೀಟಿಯನ್ನು ಆಕೆಯ ಕಡೆ ತಿರುಗಿಸಿದರು. "ನಿಮ್ಮ ರಕ್ತದಾಗ ಎಚ್‌ಐವಿ ಐತ್ರಿ. ಇಲ್ಲಿ ಆಪರೇಶನ್ ಮಾಡಾಕ ಆಗೂದಿಲ್ಲ. ನಮ್ಮಲ್ಲಿ ಅದಕ್ಕ ವ್ಯವಸ್ಥಾ ಇಲ್ಲ. ಮತ್ತೆಲ್ಲ್ಯಾರ ದೊಡ್ಡ ದವಾಖಾನಿ ನೋಡ್ರಿ." ಆಮೇಲೆ ಶಾಂತಿನಾಥರ ಕಡೆ ತಿರುಗಿ ಸಿಟ್ಟಿನಿಂದ, "ಎರಡ ವರ್ಷದ ಹಿಂದ ನಿಮ್ಮ ಹರ್ನಿಯಾ ವ್ಯಾಳ್ಯಾದಾಗ ಹೇಳಿದ್ದೆನಲ್ರಿ ಯಜಮಾನ್ರ. ನಿಮಗ ಇದು ಐತಿ, ಮನಿಯವ್ರ ರಕ್ತಾನೂ ತಪಾಸ ಮಾಡಸ್ರಿ ಅಂತ," ಎಂದರು.

ತಾಯಿ, ಮಗ ಇಬ್ಬರೂ ತಿರುಗಿ ನೋಡಿದರು. ಶಾಂತಿನಾಥರು ಬಗ್ಗಿ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದರು. ಚಪ್ಪಲಿ ಅವರ ಕಣ್ಣೆದುರಿಗೇ ಇದ್ದವು.

ಎರಡು ವರ್ಷದ ಹಿಂದೆ ಅವರು ಇದೇ ನರ್ಸಿಂಗ್ ಹೋಮಿನಿಂದ ಆಪರೇಶನ್ ಇಲ್ಲದೆ ಮರಳಿ ಬಂದಿದ್ದರು. "ಸಕ್ಕರಿ ಬ್ಯಾನಿ ಐತಂತ. ಕೊಯ್ದ್ರ ಗಾಯ ಮಾಯೂದಿಲ್ಲಂತ," ಎಂದು ಮನೆಯಲ್ಲಿ ಹೇಳಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದರು. ಅಂದಿನಿಂದ ಆ ಮನೆಯಲ್ಲಿ ಅವರಿಗೆ ಸಕ್ಕರೆ ಇಲ್ಲದ ಚಹಾ, ಹಬ್ಬಕ್ಕೂ ಸಪ್ಪೆ ಊಟ. ರಾಜಮತಿ ಒಂದು ದಿನವೂ ತಪ್ಪಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಮೂಲೆಯ ಚಾಪೆಯಿಂದ ಎದ್ದಳು. ಲಗ್ನವಾಗಿ ಬಂದಮೇಲೆ ಮೊದಲ ಸಲ, ಹೊರಗಾದ ಮೈಯಲ್ಲಿಯೇ ಅಡುಗೆಮನೆ ಹೊಕ್ಕಳು. ರೂಪಾಲಿ ಬಾಯಿ ತೆರೆದು ನಿಂತಳೇ ಹೊರತು ತಡೆಯಲಿಲ್ಲ. ರಾಜಮತಿ ಚಹಾ ಕುದಿಸಿ, ಮೂರು ಚಮಚ ಸಕ್ಕರೆ ಹಾಕಿ, ಗಂಡನ ಮುಂದೆ ಇಟ್ಟಳು.

ಒಂದು ಗುಟುಕು ಕುಡಿದು ಅವರು ಕಪ್ಪನ್ನು ಕೆಳಗಿಟ್ಟರು. "ಇದು ಸೀ ಐತಿ."

"ಕುಡೀರಿ. ನಿಮಗ ಸಕ್ಕರಿ ಬ್ಯಾನಿ ಇಲ್ಲಂತ ನಿನ್ನಿ ಗೊತ್ತಾತು."

"ರಾಜಮತಿ, ಹುಡುಗರು ಅದಾರ."

"ಇರಲಿ. ನೀವು ತಿನ್ನೂದಿಲ್ಲಂತ ಎರಡ ದೀಪಾವಳಿ ನಾನೂ ಹೋಳಿಗಿ ಮುಟ್ಟಲಿಲ್ಲ. ನೀವು ಅಂಗಡ್ಯಾಗ ಕುಂತು ಬೆಲ್ಲಾ ಮುರದು ತಿಂತಿದ್ರಿ ಅಂತ ಮಗಾ ನಿನ್ನಿ ಹೇಳ್ದಾ."

"ಆವಾಗ ನಾ ಖರೇ ಹೇಳಿದ್ರ ಏನ ಮಾಡ್ತಿದ್ದಿ?"

"ಅದನ್ನ ನಾ ವಿಚಾರ ಮಾಡಬೇಕಿತ್ತು. ಅದನ್ನೂ ನೀವ ಮಾಡಿಬಿಟ್ರಿ."

ಶಾಂತಿನಾಥರು ಹಣೆ ಒರೆಸಿಕೊಂಡರು. "ಕೊಲ್ಹಾಪುರದ ದಿನಾ ಅವು. ಬೆಲ್ಲಾ ಮಾರಾಕ ಪ್ಯಾಟಿಗೆ ಹ್ವಾದ್ರ ರಾತ್ರಿ ಅಲ್ಲೇ ವಸ್ತಿ, ಕೆಟ್ಟ ಸಹವಾಸ. ಆದದ್ದು ಆಗಿ ಹೋತು. ಇನ್ನ ಬಾಯಿ ಮುಚಗೊಂಡು ಇರೂಣು. ಮಂದಿಗೆ ಗೊತ್ತಾದ್ರ ಅಂಗಡಿ ಪಾಂವಟಿಗಿ ಒಬ್ಬಾಂವ ಹತ್ತೂದಿಲ್ಲ."

"ನಿಮ್ಮ ಚಟಾ ಆತು," ಎಂದಳು ರಾಜಮತಿ. "ಇನ್ನ ನನ್ನ ಹಟಾ ನೋಡ್ರಿ."

ಅಂದು ಮಧ್ಯಾಹ್ನ ರೂಪಾಲಿ ಅತ್ತೆಗೆ ಬಡಿಸಿದ ತಾಟಿನ ಅಂಚಿಗೆ ಉಗುರಿಗೆ ಹಚ್ಚುವ ಬಣ್ಣದ ಒಂದು ಕೆಂಪು ಬೊಟ್ಟು ಇತ್ತು. ನೀರಿನ ಲೋಟಕ್ಕೂ ಅಂಥದೇ ಬೊಟ್ಟು.

"ಇದೇನವಾ?"

"ಗುರುತ್ರಿ ಅತ್ತಿ. ಯಶ ನಿಮ್ಮ ತಾಟಿನಾಗ ಬಂದು ಕೈ ಹಾಕ್ತಾನ. ಸಣ್ಣಾಂವ ಅದಾನ್ರಿ."

"ಹೌದು. ನಿಮ್ಮ ಮಾವನ ತಾಟಿಗೆ ಎಲ್ಲೈತಿ ಬೊಟ್ಟು?"

ರೂಪಾಲಿ ಮಾವನ ಕಡೆ ನೋಡಿದಳು. ಅವರು ರೊಟ್ಟಿ ಮುರಿಯುವುದರಲ್ಲಿ ತಲ್ಲೀನರಾಗಿದ್ದರು. ಯಜಮಾನರ ತಾಟಿಗೆ ಗುರುತು ಹಾಕುವ ಮಾತು ಆ ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

"ಇಬ್ಬರಿಗೂ ಹಚ್ಚು, ಇಲ್ಲಾ ಇದನ್ನ ಅಳಸು," ಎಂದಳು ರಾಜಮತಿ.

ರೂಪಾಲಿ ಸೀಮೆಎಣ್ಣೆ ಹಚ್ಚಿ ಬೊಟ್ಟು ಅಳಿಸಿದಳು. ಆದರೆ ನಾಲ್ಕು ವರ್ಷದ ಯಶನನ್ನು ಅಜ್ಜಿಯ ಚಾಪೆಯ ಹತ್ತಿರ ಬಿಡಲಿಲ್ಲ. ರಾಜಮತಿಗೆ ಅದು ತಿಳಿಯಿತು, ಆದರೂ ಆ ಮಾತು ಎತ್ತಲಿಲ್ಲ.

ಸಂಕೇಶ್ವರ ರೂಪಾಲಿಯ ತವರೂರು. ಅಲ್ಲಿಯೂ ಒಂದು ದವಾಖಾನೆಗೆ ಹೋದರು. "ಹೇಳೂದ ಬ್ಯಾಡ, ಸುಮ್ಮ ಮಲಗು," ಎಂದು ಶಾಂತಿನಾಥರು ಬುದ್ಧಿ ಹೇಳಿ ಕಳಿಸಿದ್ದರು. ಬೆಳಿಗ್ಗೆ ಹಾಸಿಗೆ ಕೊಟ್ಟರು, ರಕ್ತ ನೋಡಿದ ಮೇಲೆ ಮಧ್ಯಾಹ್ನ ಹಾಸಿಗೆ ಕಿತ್ತುಕೊಂಡರು. ಹಾಸಿದ ಚಾದರವನ್ನು ಕೋಲಿನಿಂದ ಎತ್ತಿ ಹೊರಗೆ ಎಸೆದದ್ದನ್ನು ರಾಜಮತಿ ನಿಂತು ನೋಡಿದಳು. ಇನ್ನು ಎಲ್ಲಿಗೆ ಹೋದರೂ ಮೊದಲೇ ಹೇಳಿಬಿಡುವುದೆಂದು ಅಲ್ಲಿಯೇ ನಿರ್ಧಾರ ಮಾಡಿದಳು.

ಮನೆಯ ಪಾತ್ರೆ ತೊಳೆಯುವ ಯಮನವ್ವ ಒಂದು ದವಾಖಾನೆಯ ಸುದ್ದಿ ತಂದಳು. "ಹುಕ್ಕೇರಿ ಕಡೆ ಹುಣಸಿಗಿಡದ ದವಾಖಾನಿ ಅಂತ ಐತ್ರಿ ಅಕ್ಕಾರ. ಟ್ರಸ್ಟಿಂದು. ನಮ್ಮ ತಂಗೀದು ಗರ್ಭಚೀಲ ಅಲ್ಲೇ ತಗದ್ರು. ಹೆಣ್ಣಮಗಳು, ಡಾಕ್ಟರಬಾಯಿ ಅದಾರ, ಚಲೋ ನೋಡ್ತಾರ."

ತಾಯಿ, ಮಗ ಅಲ್ಲಿಗೆ ಹೋದರು. ಅಂಗಳದಲ್ಲಿ ಹುಣಸೆಮರ, ಅದರ ಸುತ್ತ ಕಟ್ಟೆ, ಕಟ್ಟೆಯ ತುಂಬ ಬುತ್ತಿ ಬಿಚ್ಚಿ ಕೂತ ಮಂದಿ. ರಾಜಮತಿ ಒಳಗೆ ಹೋಗಿ ಕುರ್ಚಿಯಲ್ಲಿ ಕೂತವಳೇ ಮಾತು ಶುರುಮಾಡಿದಳು.

"ಮೊದಲ ಹೇಳಿಬಿಡ್ತೇನ್ರಿ ಡಾಕ್ಟರಬಾಯಾರ. ನನಗ ಎಚ್‌ಐವಿ ಐತಿ. ರಕ್ತ ನೋಡಿ ಹೊರಗ ಹಾಕೂದಿದ್ರ ಈಗ ಹಾಕ್ರಿ, ಬಸ್ಸಾದ್ರೂ ಸಿಗ್ತೈತಿ."

ಡಾಕ್ಟರ್ ಬಾಯಿ ಕೆಟ್ಟವರಲ್ಲ. ಆದರೆ ಇಂಥ ಮಾತನ್ನು ಯಾರೂ ಅವರ ಮುಖದ ಮೇಲೆ ಹೀಗೆ ಹೇಳಿರಲಿಲ್ಲ. ಅವರು ಸಿಸ್ಟರ್ ಕಡೆ ನೋಡಿದರು, ಸಿಸ್ಟರ್ ಅವರ ಕಡೆ ನೋಡಿದಳು. ರಾಜಮತಿಯ ರೆಪ್ಪೆ ಎಳೆದು ನೋಡಿ, ರಕ್ತ ತಪಾಸಣೆ ಮಾಡಿಸಿದಾಗ ಅವರಿಗೆ ಒಂದು ದಾರಿ ಸಿಕ್ಕಿತು.

"ನಿಮ್ಮ ಮೈಯಾಗ ರಕ್ತನ ಇಲ್ಲಲ್ರಿ. ಹಿಮೋಗ್ಲೋಬಿನ್ ಬರೇ ಆರ ಐತಿ. ಹಿಂತಾದ್ರಾಗ ಕೊಯ್ದ್ರ ಟೇಬಲ್ ಮ್ಯಾಲ ಹೋಗ್ತೀರಿ. ಹತ್ತ ಆಗಲಿ, ಆಮ್ಯಾಲ ಬರ್ರಿ, ಮಾಡೂಣು. ರಕ್ತ ಹೋಗೂದು ಕಮ್ಮಿ ಆಗಾಕ ಗುಳಿಗಿ ಕೊಡ್ತೇನಿ."

"ಗಜ್ಜರಿ, ಬೀಟರೂಟ, ತತ್ತಿ ತಿನ್ರಿ," ಎಂದು ಸಿಸ್ಟರ್ ಸೇರಿಸಿದಳು. "ರಾತ್ರಿ ಮಲಗೂ ಮುಂದ ಹಾಲು ಹಣ್ಣು ತಗೋರಿ."

"ಗಡ್ಡಿ ಗೆಣಸು ತಿನ್ನಂಗಿಲ್ರಿ ನಾವು. ತತ್ತಿ ಮನಿಯೊಳಗ ಬರೂದಿಲ್ಲ. ಹೊತ್ತ ಮುಳಗಿದ ಮ್ಯಾಲ ನೀರೂ ಕುಡ್ಯಾಂಗಿಲ್ಲ."

"ಮತ್ತ ರಕ್ತ ಎಲ್ಲಿಂದ ಬರ್ತೈತಿ?"

"ಅದು ನನಗ ಬಿಡ್ರಿ. ಹತ್ತ ಅಂದ್ರಲ್ಲಾ?"

"ಹತ್ತ," ಎಂದರು ಡಾಕ್ಟರ್ ಬಾಯಿ.

ಇವರು ಬಾಗಿಲು ದಾಟುವಾಗ ಸಿಸ್ಟರ್ ಪಿಸುಗುಟ್ಟಿದ್ದು ಕೇಳಿಸಿತು: "ಹತ್ತ ಆಗೂದೂ ಇಲ್ಲ, ಆಕಿ ಬರೂದೂ ಇಲ್ಲ."

ಬಸ್ಸಿನಲ್ಲಿ ಸನ್ಮತಿ ಕುದಿಯುತ್ತಿದ್ದ. "ಕೇಳಿದೇನವ್ವಾ ಆಕಿ ಅಂದದ್ದು? ನಮ್ಮನ್ನ ಸಾಗಹಾಕಾಕ ಹೇಳ್ಯಾರ ಅಷ್ಟ."

"ಕೇಳಿದೆ."

"ಮತ್ತ ಯಾಕ ಸುಮ್ಮನ ಬಂದಿ?"

"ಸಾಗಹಾಕಾಕ ಹೇಳ್ಲಿ, ಬ್ಯಾರೆ ಯಾಕಾರ ಹೇಳ್ಲಿ, ಮಾತು ಅವರ ಬಾಯಿಂದ ಬಂದೈತಿ. ನನಗ ಅದು ನೇಮಾ. ನಾ ಹಿಡದ ನೇಮಾ ಬಿಟ್ಟದ್ದು ನೋಡೀಯೇನು?"

ಹುಟ್ಟಿದಾಗಿನಿಂದ ಬಿಡುವ ನೇಮಗಳನ್ನೇ ಹಿಡಿದಿದ್ದ ರಾಜಮತಿ ಹೀಗೆ ಊಟದ ನೇಮ ಹಿಡಿದಳು. ಒಳಗೆ ಹೋಗುವಂತಿಲ್ಲದ್ದರಿಂದ ಬಸದಿಯ ಕಂಪೌಂಡಿನ ಹೊರಗೆ ನಿಂತು ಕೈ ಮುಗಿದು, "ಇಷ್ಟ ವರ್ಷ ಬಿಟ್ಟು ತೋರಿಸೇನಿ ಸ್ವಾಮಿ, ಈಗ ತಿಂದು ತೋರಸ್ತೇನಿ," ಎಂದು ಹೇಳಿ ಬಂದಳು. ಅಷ್ಟಮಿ, ಚತುರ್ದಶಿಯ ಉಪವಾಸ ಬಿಟ್ಟಳು. ಗಡ್ಡೆ ಗೆಣಸು ತಿನ್ನಲಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿ ತೆರೆಯಲಿಲ್ಲ. ಹೊತ್ತು ಇರುವಾಗಲೇ ತಿನ್ನುವಷ್ಟು ತಿಂದಳು. ಮುಂಜಾನೆ ಬಾಣಂತಿಯರಿಗೆ ಮಾಡುವ ಅಳವಿಕಾಳಿನ ಪಾಯಸ, ಆಮೇಲೆ ಸಜ್ಜೆ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ, ಮೊಳಕೆ ಬಂದ ಮಡಕಿಕಾಳು, ಸಂಜೆ ಹೊತ್ತಿಳಿಯುವ ಮೊದಲು ಉತ್ತತ್ತಿ, ಎಳ್ಳುಂಡೆ. ಡಾಕ್ಟರ್ ಬಾಯಿ ಕೊಟ್ಟ ಗುಳಿಗೆಗಳಿಂದ ರಕ್ತ ಹೋಗುವುದು ಕಡಿಮೆಯಾಯಿತು. ಆದರೆ ಕಬ್ಬಿಣದ ಗುಳಿಗೆಗೆ ಹೊಟ್ಟೆ ತೊಳಸುತ್ತಿತ್ತು. ವಾಂತಿಯಾದರೆ ಬಾಯಿ ಮುಕ್ಕಳಿಸಿ ಮತ್ತೆ ತಾಟಿನ ಮುಂದೆ ಕೂಡುತ್ತಿದ್ದಳು.

"ಸಾಕ ಮಾಡ್ರಿ ಅತ್ತಿ," ಎಂದಳು ರೂಪಾಲಿ ಒಂದು ದಿನ.

"ಉಪಾಸ ಹಗರ ಇತ್ತು ನೋಡವಾ. ಉಣ್ಣೂದ ತ್ರಾಸ. ಇನ್ನೊಂದು ರೊಟ್ಟಿ ಹಾಕು."

ಶಾಂತಿನಾಥರು ಅಂಗಡಿಯಿಂದ ಬಂದು ಗೊಣಗುತ್ತಿದ್ದರು. "ಉತ್ತತ್ತಿ ಇಷ್ಟ ಯಾಕ ಬೇಕು? ಮಂದಿ ಕೇಳಾಕತ್ತಾರ, ನಿಮ್ಮ ಸೊಸಿ ಮತ್ತ ಬಾಣಂತಿ ಆದ್ಳೇನು ಅಂತ."

"ಅತ್ತಿ ಆಗ್ಯಾಳ ಅಂತ ಹೇಳ್ರಿ," ಎಂದಳು ರಾಜಮತಿ. ರೂಪಾಲಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಸುದ್ದಿ ಬಂದ ಮೇಲೆ ಆ ಮನೆಯಲ್ಲಿ ನಗೆ ಕೇಳಿದ್ದು ಅದೇ ಮೊದಲು.

ಜನವರಿಯಲ್ಲಿ ಪೋಲಿಯೋ ಹನಿ ಹಾಕಲು ಬಂದ ನರ್ಸಬಾಯಿಯನ್ನು ರೂಪಾಲಿ ಹಿತ್ತಲಿಗೆ ಕರೆದೊಯ್ದಳು. ಯಾರದೆಂದು ಹೇಳದೆ, ಒಂದೇ ತಾಟಿನಲ್ಲಿ ಉಂಡರೆ ಆ ಬೇನೆ ಬರುತ್ತದೇನು, ಮಗು ತೊಡೆಯ ಮೇಲೆ ಕೂತರೆ ಬರುತ್ತದೇನು ಎಂದು ಕೇಳಿದಳು. ನರ್ಸಬಾಯಿ ಬರುವುದಿಲ್ಲ ಎಂದಳು. ರೂಪಾಲಿ ಎರಡು ಸಲ ಕೇಳಿದಳು, ನರ್ಸಬಾಯಿ ಎರಡು ಸಲವೂ ಬರುವುದಿಲ್ಲ ಎಂದಳು. ಆ ಸಂಜೆ ಯಶ ಓಡಿ ಹೋಗಿ ಅಜ್ಜಿಯ ಕೈಯಲ್ಲಿದ್ದ ಎಳ್ಳುಂಡೆಗೆ ಬಾಯಿ ಹಾಕಿದ. ರಾಜಮತಿ ಗಾಬರಿಯಿಂದ ಸೊಸೆಯ ಕಡೆ ನೋಡಿದಳು.

"ತಿನ್ನಲಿ ಬಿಡ್ರಿ," ಎಂದಳು ರೂಪಾಲಿ, ಅಕ್ಕಿ ಆರಿಸುತ್ತಲೇ. ರಾಜಮತಿ ಮೊಮ್ಮಗನನ್ನು ತೊಡೆಯ ಮೇಲೆ ಎಳೆದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಸಂಕ್ರಾಂತಿ ಕಳೆದು ಮೂರನೆಯ ವಾರ ಯಶನನ್ನು ಯಮನವ್ವನ ಹತ್ತಿರ ಬಿಟ್ಟು ತಾಯಿ, ಮಗ, ಸೊಸೆ ಹುಣಸಿಗಿಡದ ದವಾಖಾನೆಗೆ ಹೋದರು. ಶಾಂತಿನಾಥರಿಗೆ ಅಂಗಡಿಯಲ್ಲಿ ಕೆಲಸವಿತ್ತು. ರಕ್ತ ತಪಾಸಣೆಯಾಯಿತು. ಹತ್ತನ್ನು ದಾಟಿ ಸ್ವಲ್ಪ ಮೇಲೆಯೇ ಇತ್ತು. ಡಾಕ್ಟರ್ ಬಾಯಿ ಚೀಟಿಯನ್ನು ನೋಡಿದರು, ರಾಜಮತಿಯ ಮುಖವನ್ನು ನೋಡಿದರು, ಮತ್ತೆ ಚೀಟಿಯನ್ನು ನೋಡಿದರು.

"ಹತ್ತ ಅಂದಿದ್ರಿ," ಎಂದಳು ರಾಜಮತಿ.

"ಹೌದ್ರಿ. ಆದ್ರ ಒಂದು ಬಾಟ್ಲಿ ರಕ್ತಾನೂ ತಯಾರ ಇರಬೇಕಾಗ್ತೈತಿ."

"ನಂದು ತಗೋರಿ," ಎಂದ ಸನ್ಮತಿ. ಸೂಜಿ ಕಂಡರೆ ಶಾಲೆ ಬಿಟ್ಟು ಓಡುತ್ತಿದ್ದವನು ಅವನು.

ಈಗ ಸಿಸ್ಟರ್ ಬಾಯಿ ಹಾಕಿದಳು. "ಆಪರೇಶನ್ ಆದಮ್ಯಾಗ ನೆಲಾ ಒರಸಾವ್ರು, ಬಟ್ಟಿ ಒಗ್ಯಾವ್ರು ಯಾರ್ರಿ? ನಮ್ಮ ಆಯಾಗೋಳು ಒಲ್ಲೆ ಅಂತಾರ. ಒತ್ತಾಯ ಮಾಡಿದ್ರ ಕೆಲಸಾ ಬಿಟ್ಟು ಹೋಗ್ತಾರ."

ಇದಕ್ಕೆ ಅಳವಿಪಾಯಸ ಕುಡಿದು ಉತ್ತರ ಕೊಡುವಂತಿರಲಿಲ್ಲ.

"ನಾ ಒರಸ್ತೇನಿ," ಎಂದಳು ರೂಪಾಲಿ. "ಬಟ್ಟೀನೂ ನಾನ ಒಗೀತೇನಿ. ಕೈಗೆ ಏನ ಹಾಕ್ಕೋಬೇಕು, ನೀರಾಗ ಏನ ಹಾಕಬೇಕು, ಅದನ್ನ ತೋರಸ್ರಿ."

"ನಿಮ್ಮಿಂದ ಆಗೂದಿಲ್ಲಕ್ಕಾ. ರಕ್ತದ ಕೆಲಸಾ."

"ನನಗ ತವರಾಗ ತಾಯಿ ಇಲ್ರಿ. ನನ್ನ ಬಾಣಂತನಾ ಇವರ ಮಾಡ್ಯಾರ. ಆವಾಗ ನನ್ನ ಬಟ್ಟಿ ಯಾರು ಒಗ್ಯಾವ್ರು ಅಂತ ಇವರು ಯಾರನ್ನೂ ಕೇಳಲಿಲ್ಲ."

ತಾಟಿಗೆ ಬೊಟ್ಟು ಹಚ್ಚಿದ ಕೈಯೇ ಅದು. ರಾಜಮತಿ ಸೊಸೆಯನ್ನು ನೋಡಲಿಲ್ಲ, ನೋಡಿದರೆ ಅತ್ತುಬಿಡುತ್ತಿದ್ದಳು, ಅಳುವ ಜಾಗ ಅದಾಗಿರಲಿಲ್ಲ.

ಡಾಕ್ಟರ್ ಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅರವಳಿಕಿ ಕೊಡೂ ಡಾಕ್ಟರು ಬೆಳಗಾವಿಯಿಂದ ಗುರುವಾರ ಅಷ್ಟ ಬರ್ತಾರ. ಅವರು ಏನಂತಾರೋ ಗೊತ್ತಿಲ್ಲ. ನೀವು ಊರಿಗೆ ಹೋಗಿ ಫೋನ್ ಮಾಡ್ರಿ."

"ನೇಮಾ ಕೊಟ್ಟಾವ್ರು ನೀವು. ಪಾರಣಿನೂ ನೀವ ಮಾಡಸಬೇಕು," ಎಂದಳು ರಾಜಮತಿ. "ಗುರುವಾರ ತನಕಾ ನಾ ಈ ಹುಣಸಿಗಿಡದ ಬುಡಕ ಇರ್ತೇನಿ. ಯಾಕ ಕುಂತೀರಿ ಅಂತ ಯಾರಾರ ಕೇಳಿದ್ರ ಖರೇನ ಹೇಳ್ತೇನಿ. ಸುಳ್ಳು ಹೇಳೂದು ನಮ್ಮ ಧರ್ಮದಾಗ ಇಲ್ಲ. ಮನಿಯಾಗ ಒಬ್ಬರು ಹೇಳಿದ್ದ ಸಾಕಾಗೇತಿ."

ಕಟ್ಟೆಯ ಮೇಲೆ ಚಾಪೆ ಹಾಸಿದರು. ಕೇಳಿದವರಿಗೆಲ್ಲ ರಾಜಮತಿ ಹೇಳಿದಳು. ತನಗೆ ಏನಾಗಿದೆ, ಯಾವ ಆಪರೇಶನ್ ಆಗಬೇಕಾಗಿದೆ, ಎಲ್ಲೆಲ್ಲಿ ಮರಳಿ ಕಳಿಸಿದರು, ಇಲ್ಲಿ ಏನು ಮಾತು ಕೊಟ್ಟರು. ಕೆಲವರು ಬುತ್ತಿ ಎತ್ತಿಕೊಂಡು ಆಚೆ ಸರಿದರು. ಒಬ್ಬ ಮುದುಕ ಉಗುಳಿದ. ಕೌಜಲಗಿಯಿಂದ ಮಗಳ ಹೆರಿಗೆಗೆ ಬಂದಿದ್ದ ಉದ್ದವ್ವ ಎಂಬಾಕೆ ಮಾತ್ರ ಎಲ್ಲ ಕೇಳಿ, "ಹಂಗಾರ ಮಾಡಬೇಕಲ್ಲ ಇವರು," ಎಂದು ಡಾಕ್ಟರ್ ಖೋಲಿಯ ಕಡೆ ಗಟ್ಟಿಯಾಗಿ ಹೇಳಿ, ರಾಜಮತಿ ಕೊಟ್ಟ ಎಳ್ಳುಂಡೆಯನ್ನು ಎಲ್ಲರ ಮುಂದೆ ತಿಂದಳು. ಮರುದಿನ ಮತ್ತಿಬ್ಬರು ಬಂದು ಆಕೆಯ ಬಾಜೂ ಕೂತರು.

ಬುಧವಾರ ಹೊತ್ತು ಇಳಿಯುವಾಗ ಡಾಕ್ಟರ್ ಬಾಯಿ ತಾವೇ ಕಟ್ಟೆಗೆ ಬಂದರು. "ಒಳಗ ಬರ್ರಿ. ಬೆಳಗಾವಿ ಡಾಕ್ಟರ ಜೋಡಿ ಮಾತಾಡೇನಿ. ನಾಳಿಗೆ ಮಾಡ್ತೇವಿ." ಆಮೇಲೆ ದನಿ ತಗ್ಗಿಸಿ ಹೇಳಿದರು, "ಖರೆ ಹೇಳಬೇಕಂದ್ರ ನನಗೂ ಅಂಜಿಕಿ ಐತ್ರಿ."

"ನನಗೂ ಐತಿ," ಎಂದಳು ರಾಜಮತಿ ಚಾಪೆ ಸುತ್ತುತ್ತ. "ಇಬ್ಬರೂ ಕೂಡೇ ಅಂಜೂಣು ನಡೀರಿ."

ಆಪರೇಶನ್ ಆಯಿತು. ಮುಗಿದ ಮೇಲೆ ರೂಪಾಲಿ ಮೊಣಕೈತನಕ ರಬ್ಬರಿನ ಕೈಗವಸು ಹಾಕಿಕೊಂಡು ಆ ಖೋಲಿಯ ನೆಲ ಒರೆಸಿದಳು. ಅರ್ಧ ಆಗುವಷ್ಟರಲ್ಲಿ ಒಬ್ಬ ಆಯಾ ಬಾಗಿಲಲ್ಲಿ ಬಂದು ನಿಂತು ನೋಡಿದಳು. ಆಮೇಲೆ ಇನ್ನೊಂದು ಬಕೆಟ್ ತಂದಳು.

ಹೋಳಿಹುಣ್ಣಿಮೆಯ ಹೊತ್ತಿಗೆ ರಾಜಮತಿ ಬಸದಿಯ ಒಳಗೆ ಹೋಗಿ ಬಂದಳು. ಮೂಲೆಯ ಚಾಪೆ ಅಟ್ಟಕ್ಕೇರಿತು. ಊರಿನಲ್ಲಿ ಸುದ್ದಿ ಹಬ್ಬಿತ್ತು. ಅಂಗಡಿಗೆ ಬರುವವರು ಕೆಲವರು ಕಡಿಮೆಯಾದರು, ಉಳಿದವರು ಗೊಬ್ಬರ ಒಯ್ಯುತ್ತಲೇ ಇದ್ದರು. ಹೆಂಡತಿಗೆ ಎಲ್ಲಿಂದ ಬಂತು ಎಂದು ಊರು ಲೆಕ್ಕ ಹಾಕಿದ ಮೇಲೆ ಶಾಂತಿನಾಥರು ಗಲ್ಲೆಯ ಮೇಲೆ ಕೂಡುವುದನ್ನು ಬಿಟ್ಟು ಒಳಗಿನ ಗೋದಾಮಿನಲ್ಲೇ ಇರುತ್ತಿದ್ದರು. ಅಲ್ಲಿ ಒಂದು ದಿನ ಚೀಲ ಎತ್ತಲು ಹೋಗಿ ಹರ್ನಿಯಾ ಹೊರಗೆ ಬಂತು. ಸನ್ಮತಿ ಹಿಡಿದುಕೊಂಡು ಮನೆಗೆ ತಂದ. ಮಲಗಿದ ಮೇಲೆ ಅದು ಒಳಗೆ ಸರಿಯಿತು, ನೋವು ಮಾತ್ರ ಉಳಿಯಿತು.

"ದವಾಖಾನಿಗೆ ಹೋಗೂಣಪಾ," ಎಂದ ಮಗ.

"ಬ್ಯಾಡ. ಎಲ್ಲೂ ಮಾಡೂದಿಲ್ಲ. ನನಗ ಗೊತ್ತೈತಿ. ಪಟ್ಟಿ ಬಿಗಿ ಕಟಗೊಂಡ್ರ ನಡೀತೈತಿ."

ಅಡುಗೆಮನೆಯಲ್ಲಿ ರಾಜಮತಿ ಕಣಕ ನಾದುವುದನ್ನು ನಿಲ್ಲಿಸಿದಳು. ಕೈ ತೊಳೆದು ಹೊರಗೆ ಬಂದಳು.

"ಸನ್ಮತಿ, ಹುಣಸಿಗಿಡದ ದವಾಖಾನಿಗೆ ಫೋನ್ ಹಚ್ಚು. ಈ ಗುರುವಾರ ಬರ್ತೇವಂತ ಹೇಳು."

"ಅಲ್ಲಿ ಏನಂತ ಹೇಳೂದು?" ಎಂದರು ಶಾಂತಿನಾಥರು.

"ಇದ್ದದ್ದು ಹೇಳೂದು. ನಿಮ್ಮ ಬಾಯಿಂದ, ಮೊದಲ."

"ಎಲ್ಲಾರ ಮುಂದ?"

"ನಾ ಗಿಡದ ಬುಡಕ ಹೇಳೇನಿ. ನಿಮಗ ಖೋಲಿ ಐತಿ, ಬಾಗಲಾ ಐತಿ."

ಶಾಂತಿನಾಥರು ಗೋಡೆಯ ಕಡೆ ಮುಖ ಮಾಡಿದರು. ಅಲ್ಲಿಂದಲೇ ಸಣ್ಣ ದನಿಯಲ್ಲಿ ಕೇಳಿದರು: "ನನ್ನ ಕ್ಷಮಾ ಮಾಡೀಯೇನು?"

"ಕ್ಷಮಾವಣಿ ಹಬ್ಬ ದಶಲಕ್ಷಣಾ ಮುಗದ ಮ್ಯಾಲ ಬರ್ತೈತಿ. ಇನ್ನೂ ಬೇಕಾದಷ್ಟ ತಿಂಗಳ ಅದಾವು. ಅಲ್ಲೀತನಕಾ ನೀವು ಬದುಕಿರಬೇಕಲ್ಲ, ಮೊದಲ ಹರ್ನಿಯಾ ಆಗಲಿ."

"ಮತ್ತ ಅವರು ಒಲ್ಲೆ ಅಂದ್ರ?"

"ಗಿಡ ಎಲ್ಲೂ ಹೋಗಿಲ್ಲ. ನನ್ನ ಚಾಪಿನೂ ಅಟ್ಟದ ಮ್ಯಾಲ ಐತಿ."

ರಾಜಮತಿ ಹೊಸ್ತಿಲಿಗೆ ಹೋಗಿ ಅವರ ಚಪ್ಪಲಿ ಎತ್ತಿಕೊಂಡು ಬಂದಳು. ಮಂಚದ ಕೆಳಗೆ, ಅವರ ಕಣ್ಣಿಗೆ ಕಾಣುವಂತೆ, ಎರಡನ್ನೂ ಜೋಡಿಸಿ ಇಟ್ಟಳು.

"ಇಲ್ಲೇ ಅದಾವ ನೋಡ್ರಿ," ಎಂದಳು. "ಈ ಸಲಾ ಹುಡುಕೂ ಕೆಲಸಾ ಇಲ್ಲ."